ಐ ಬೆಟ್ ಯು ಲುಕ್ ಗುಡ್ ಆನ್ ದ ಡಾನ್ಸ್‌ಫ್ಲೋರ್

ಇಂಗ್ಲೆಂಡಿನ ಆರ್ಕ್‌ಟಿಕ್ ಮಂಕೀಸ್ ಎಂಬ ಇಂಡೀ ರಾಕ್ ತಂಡದ ಹಾಡು. ಡೊಮಿನೊ ಸಂಸ್ಥೆ ಇದನ್ನು 2005ರ ಅಕ್ಟೋಬರ್ 17ರಂದು ಸಿಂಗಲ್ ಆಗಿ ಬಿಡುಗಡೆ ಮಾಡಿತು. ಅದೇ ವಾರ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿದ ಈ ಹಾಡಿನ ಹಿಂದೆ ದೊಡ್ಡ ಕಂಪನಿಯ ಹಣಬಲ ಇರಲಿಲ್ಲ. ಡೊಮಿನೊ ಸ್ವತಂತ್ರ ಸಂಸ್ಥೆ; ಹಾಡಿದವರು ಇಪ್ಪತ್ತರ ಆಸುಪಾಸಿನ ಹುಡುಗರು.

ಅಲೆಕ್ಸ್ ಟರ್ನರ್, ಜೇಮೀ ಕುಕ್, ಆಂಡಿ ನಿಕಲ್ಸನ್ ಮತ್ತು ಮ್ಯಾಟ್ ಹೆಲ್ಡರ್ಸ್ ಶೆಫೀಲ್ಡ್ ನಗರದ ಹೈ ಗ್ರೀನ್ ಕಡೆಯವರು. 2002ರಲ್ಲಿ ತಂಡ ಕಟ್ಟಿದ ಇವರು ತಮ್ಮ ಡೆಮೊ ಸಿ.ಡಿ.ಗಳನ್ನು ಕಾರ್ಯಕ್ರಮಗಳಿಗೆ ಬಂದವರಿಗೆ ಪುಕ್ಕಟೆಯಾಗಿ ಹಂಚುತ್ತಿದ್ದರು. ಪಡೆದವರು ಅವುಗಳನ್ನು ಅಂತರ್ಜಾಲಕ್ಕೆ ಏರಿಸಿ ಇತರರಿಗೂ ದಾಟಿಸಿದರು. ಹೀಗಾಗಿ ಅಂಗಡಿಯಲ್ಲಿ ಆಲ್ಬಮ್ ಸಿಗುವ ಮುನ್ನವೇ ಸಭಾಂಗಣದ ಜನ ಹಾಡುಗಳನ್ನು ಬಾಯಿಪಾಠವಾಗಿ ಹಾಡುತ್ತಿದ್ದರು. ಇಂಟರ್‌ನೆಟ್ಟೇ ಹುಟ್ಟಿಸಿದ ತಂಡ ಎಂದು ಪತ್ರಿಕೆಗಳು ಬರೆದದ್ದು ಅರ್ಧಸತ್ಯ. ಬಿತ್ತನೆ ನಡೆದದ್ದು ಶೆಫೀಲ್ಡ್‌ನ ಸಣ್ಣಪುಟ್ಟ ವೇದಿಕೆಗಳಲ್ಲಿ.

ಹಾಡಿನ ನಿರ್ಮಾಪಕ ಜಿಮ್ ಆ್ಯಬಿಸ್. ಅವಧಿ ಮೂರು ನಿಮಿಷಕ್ಕೂ ಕೊಂಚ ಕಡಿಮೆ. ಗಿಟಾರ್ ತಂತಿಗಳ ಮೇಲೆ ಬಿಡುವಿಲ್ಲದ ಮೀಟು, ಜೊತೆಗೆ ಹೆಲ್ಡರ್ಸ್‌ನ ಡ್ರಮ್ಸ್ ಹೊಡೆತ, ಹೀಗೆ ಹಾಡು ಪೀಠಿಕೆಯಿಲ್ಲದೆ ನುಗ್ಗುತ್ತದೆ. ಆದರೆ ಲಯವನ್ನು ಎಣಿಸಿ ನೋಡಿದರೆ ಅದು ನಿಮಿಷಕ್ಕೆ ಸುಮಾರು ನೂರು ಬಡಿತ, ಅಂದರೆ ಮಧ್ಯಮ ವೇಗವೇ. ಓಟದ ಭ್ರಮೆ ಹುಟ್ಟುವುದು ಆ ಬಡಿತಗಳ ನಡುವೆ ತುರುಕಿದ ಸ್ವರಗಳಿಂದ, ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲದಂತೆ ಟರ್ನರ್ ಉದುರಿಸುವ ಮಾತುಗಳಿಂದ. ಆತನ ಉಚ್ಚಾರ ಅಪ್ಪಟ ಶೆಫೀಲ್ಡ್‌ನದು; ಅಮೆರಿಕನ್ ಧಾಟಿಯ ಸೋಗಿಲ್ಲ. ವಸ್ತು ಹೊಸದೇನಲ್ಲ: ಕುಣಿತದ ಕ್ಲಬ್ಬಿನಲ್ಲಿ ಕಣ್ಣಿಗೆ ಬಿದ್ದ ಹುಡುಗಿ, ದೂರದಿಂದಲೇ ಚಡಪಡಿಸುವ ಹುಡುಗ. ಅದರ ನಡುವೆಯೇ ಷೇಕ್ಸ್‌ಪಿಯರ್‌ನ ವೈರಿ ಮನೆತನಗಳಾದ ಮಾಂಟೆಗ್ಯೂ ಮತ್ತು ಕ್ಯಾಪುಲೆಟ್‌ಗಳ ಹೆಸರು ತೇಲಿಹೋಗುತ್ತದೆ. ಪ್ರಣಯದ ದೊಡ್ಡ ಮಾತುಗಳನ್ನು ಗೇಲಿ ಮಾಡಲು ಬಂದ ಹೆಸರುಗಳವು.

ವಿಡಿಯೊ ಕೂಡ ಸರಳ. ಸ್ಟುಡಿಯೊದಲ್ಲಿ ತಂಡ ನೇರವಾಗಿ ನುಡಿಸಿದ್ದನ್ನು 1980ರ ದಶಕದ ಟಿ.ವಿ. ಕ್ಯಾಮೆರಾಗಳಲ್ಲಿ ಚಿತ್ರಿಸಲಾಗಿದೆ. ಆರಂಭದಲ್ಲೇ ಟರ್ನರ್ ತಂಡದ ಹೆಸರು ಹೇಳಿ, ತಮ್ಮ ಬಗೆಗಿನ ಅಬ್ಬರವನ್ನು ನಂಬಬೇಡಿ ಎನ್ನುತ್ತಾನೆ. ಪ್ರಚಾರಕ್ಕೆ ಇದಕ್ಕಿಂತ ಜಾಣ ಮಾತು ಬೇಕಿರಲಿಲ್ಲ.

ಮೊದಲ ವಾರ ಸುಮಾರು 39,000 ಪ್ರತಿಗಳು ಮಾರಾಟವಾದವು. ಶುಗಬೇಬ್ಸ್, ರಾಬೀ ವಿಲಿಯಮ್ಸ್‌ರಂಥ ಹೆಸರಾಂತರು ಹಿಂದೆ ಬಿದ್ದರು. ಸೋತವರಿಗೆ ಮುನಿಸೇನೂ ಇರಲಿಲ್ಲವೇನೋ, ಶುಗಬೇಬ್ಸ್ ತಂಡವೇ ಮರುವರ್ಷ ಈ ಹಾಡನ್ನು ತನ್ನ ಶೈಲಿಯಲ್ಲಿ ಹಾಡಿ ಮುದ್ರಿಸಿತು. 2006ರ ಜನವರಿಯಲ್ಲಿ ಬಂದ ಚೊಚ್ಚಲ ಆಲ್ಬಮ್ ‘ವಾಟೆವರ್ ಪೀಪಲ್ ಸೇ ಐ ಆ್ಯಮ್, ದಟ್ಸ್ ವಾಟ್ ಐ ಆ್ಯಮ್ ನಾಟ್’ನಲ್ಲಿ ಇದು ಎರಡನೆಯ ಹಾಡು. ಅಲನ್ ಸಿಲಿಟೊನ ಕಾದಂಬರಿಯಿಂದ ಹೆಸರು ಪಡೆದ ಆ ಆಲ್ಬಮ್ ಒಂದೇ ವಾರದಲ್ಲಿ 3,60,000ಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ಅದೇ ವರ್ಷ ಮರ್ಕ್ಯುರಿ ಪ್ರಶಸ್ತಿಯನ್ನೂ ಗೆದ್ದಿತು. ನಿಕಲ್ಸನ್ 2006ರಲ್ಲೇ ತಂಡ ಬಿಟ್ಟ. ಆತನ ಬೇಸ್ ಗಿಟಾರ್ ನಿಕ್ ಓಮ್ಯಾಲಿಯ ಕೈಗೆ ಬಂತು. 2012ರ ಜುಲೈ 27ರಂದು ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ತಂಡ ನುಡಿಸಿದ ಎರಡು ಹಾಡುಗಳಲ್ಲಿ ಒಂದು ಬೀಟಲ್ಸ್‌ನದು, ಇನ್ನೊಂದು ಇದು.