ಒಂದು ಮನೆಯ ಪಂಪು, ಒಂದು ಊರಿನ ಬೋರಿಂಗು

ಅಮೆರಿಕದ ಹಳೆಯ ತೋಟದ ಮನೆಗಳ ಅಂಗಳದಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎರಕದ ಕೈಪಂಪು ಕಂಡರೆ ನಮ್ಮವರು "ಅರೆ, ನಮ್ಮೂರ ಬೋರಿಂಗು!" ಅನ್ನುತ್ತಾರೆ. ನೆಂಟಸ್ತಿಕೆ ಇರುವುದು ನಿಜ, ಆದರೆ ಅದು ಒಂದು ಮನೆಯ ಪಂಪು.

ನಮ್ಮ ಮನೆಗಳಲ್ಲಿ ಇದ್ದದ್ದು ಸೇದುವ ಬಾವಿ, ರಾಟೆ, ಹಗ್ಗ. ಕಾರಣ ನೆಲದಲ್ಲೇ ಇದೆ. ಮೇಲೆ ಕೂತು ನೀರು ಹೀರುವ ಪಂಪು ಏಳೆಂಟು ಮೀಟರ್ ದಾಟಿದರೆ ಸೋಲುತ್ತದೆ. ಗಂಗಾ ಬಯಲಿಗೆ ಅಷ್ಟು ಸಾಕು, ನಮ್ಮ ಬಯಲುಸೀಮೆಯ ಬಂಡೆಯಡಿಯ ನೀರಿಗೆ ಸಾಲದು. 1960ರ ದಶಕದ ಕೊನೆಯ ಬರಗಾಲದ ಹೊತ್ತಿಗೆ ಯುನಿಸೆಫ್ ನೆರವಿನಿಂದ ಬಂಡೆ ಕೊರೆಯುವ ರಿಗ್‌ಗಳು ದೇಶಕ್ಕೆ ಬಂದವು. ಆದರೆ ಕೊರೆದ ಬಾವಿಗಳ ಮೇಲೆ ಕೂರಿಸಿದ್ದು ಬಹುಮಟ್ಟಿಗೆ ಆ ವಿದೇಶಿ ಮನೆಪಂಪಿನ ನಕಲನ್ನೇ. ಒಂದು ಸಂಸಾರಕ್ಕೆಂದು ಮಾಡಿದ್ದನ್ನು ಬೆಳಗಿನಿಂದ ಕತ್ತಲವರೆಗೆ ಇಡೀ ಊರು ಹೊಡೆದರೆ ಉಳಿದೀತೆ? ಸಾಲುಸಾಲಾಗಿ ಕೆಟ್ಟು ಕೂತವು.

ಆಗ ಸೋಲಾಪುರದಲ್ಲಿ ರೂಪುಗೊಂಡಿದ್ದ ಉಕ್ಕಿನ ಪಂಪೊಂದನ್ನು ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ 'ಇಂಡಿಯಾ ಮಾರ್ಕ್-2' ತಯಾರಾಯಿತು. ಹಿಡಿಯ ಒಳತುದಿಗೆ ಸರಪಳಿ, ಅದಕ್ಕೆ ಜೋತ ಉದ್ದನೆಯ ಸರಳು, ಸರಳಿನ ಕೊನೆಗೆ ನೀರಿನಲ್ಲೇ ಮುಳುಗಿದ ಸಿಲಿಂಡರು. ಹೀರುವ ಗೋಜಿಲ್ಲ, ಸುಮಾರು 50 ಮೀಟರ್ ಆಳದಿಂದಲೂ ಎತ್ತಿ ತರುತ್ತದೆ. ನಿಮಿಷಕ್ಕೆ 40 ಸಲ ಹೊಡೆದರೆ ಸುಮಾರು 12 ಲೀಟರ್ ಎಂದು ಲೆಕ್ಕ. ಹಿಡಿಗೆ ನೇತುಬಿದ್ದು, ಕಾಲು ನೆಲ ಬಿಟ್ಟು ಮೇಲೇಳುತ್ತಿದ್ದ ಹುಡುಗರಿಗೆ ಆ ಲೆಕ್ಕ ಎಲ್ಲಿಂದ ಬರಬೇಕು! ಗ್ರೀಸು ಕಾಣದ ಸರಪಳಿಯ ಕಿರುಗುಟ್ಟುವಿಕೆ ಮೂರು ಬೀದಿ ಆಚೆಗೆ ಕೇಳುತ್ತಿತ್ತು. ವಾಶರ್ ಸವೆದರಂತೂ ರಟ್ಟೆ ನೋವೇ ಹೊರತು ಕೊಡ ತುಂಬುತ್ತಿರಲಿಲ್ಲ. ಇದೇ ಪಂಪು ಮುಂದೆ ಆಫ್ರಿಕಾಕ್ಕೂ ಹೋಯಿತು; ಉಗಾಂಡಾದಲ್ಲಿ ಅದರ ಹೆಸರು 'ಯು-2'.

ಕರ್ನಾಟಕದಲ್ಲಿ 1980ರ ದಶಕದಲ್ಲಿ, ರಾಮಕೃಷ್ಣ ಹೆಗಡೆ ಸಂಪುಟದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದರು. ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. ಊರಿಗೆ ಬೋರು ಬಂದದ್ದು ಬರೀ ಅನುಕೂಲದ ಮಾತಲ್ಲ. ಉತ್ತರ ಕರ್ನಾಟಕದಲ್ಲಿ ಮೆಟ್ಟಿಲು ಬಾವಿಗಿಳಿದು ನೀರು ತುಂಬುತ್ತಿದ್ದ ಊರುಗಳನ್ನು ನಾರುಹುಣ್ಣು ಕಾಡುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳುವನ್ನು ದಿನಕ್ಕಿಷ್ಟಿಷ್ಟೇ ಕಡ್ಡಿಗೆ ಸುತ್ತಿ ತೆಗೆಯಬೇಕಿತ್ತು. ಯಾರೂ ಕಾಲಿಡಲಾಗದ ಬೋರಿನ ನೀರು ಬಂದದ್ದು ಆ ರೋಗ ತೊಲಗಲು ದೊಡ್ಡ ಕಾರಣಗಳಲ್ಲೊಂದು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು.

ಆಮೇಲೆ ಎಷ್ಟೋ ಬೋರುಗಳಿಗೆ ಮೋಟರು ಇಳಿಯಿತು, ಪಕ್ಕದಲ್ಲಿ ಸಿಸ್ಟನ್ ಎದ್ದಿತು. ಆಳಕ್ಕಿಳಿದಂತೆ ಕೋಲಾರ, ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಬಂದು ಮಕ್ಕಳ ಹಲ್ಲು ಕಂದಿತು. ಈಗ ಅಲ್ಲಿನ ಎಷ್ಟೋ ಊರುಗಳಲ್ಲಿ ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಕ್ಯಾನೇ ಗತಿ.