ಉದ್ದಿಮೆಯ ಒಳಗನ್ನು ಕಂಡ ಅರ್ಥಶಾಸ್ತ್ರ

ಫ್ರಾನ್ಸಿನ ಕೂರ್ನೋ 1838ರಲ್ಲೇ ಬೇಡಿಕೆಯನ್ನು ಗಣಿತಕ್ಕೆ ಇಳಿಸಿ, ಮಾರುವವನಿಗೆ ಅತಿ ಹೆಚ್ಚು ಲಾಭ ತರುವ ಬೆಲೆಯನ್ನು ಲೆಕ್ಕ ಹಾಕಿ ತೋರಿಸಿದ್ದರು. ಬೆಲೆ ಏರಿಳಿದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಮಾರ್ಷಲ್ 1890ರ ಗ್ರಂಥದಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ವ್ಯವಸ್ಥಾಪನಾ ಅರ್ಥಶಾಸ್ತ್ರದ ಪಾಠಗಳು ಇಂದಿಗೂ ಈ ಅಡಿಪಾಯದ ಮೇಲೇ ನಿಂತಿವೆ. ಆದರೆ ಆ ಸಿದ್ಧಾಂತದಲ್ಲಿ ಉದ್ದಿಮೆಗೆ ಒಳಗು ಎಂಬುದೇ ಇರಲಿಲ್ಲ. ಈ ಶಾಸ್ತ್ರ ನಿಜವಾಗಿ ಬೆಳೆದದ್ದು ವಿದ್ವಾಂಸರು ಕಾರ್ಖಾನೆಗೆ ಹೋಗಿ, ಅಲ್ಲಿನವರು ಹೇಗೆ ತೀರ್ಮಾನಿಸುತ್ತಾರೆಂದು ವಿಚಾರಿಸಿದಾಗ ಎಂಬುದು ನನ್ನ ವಾದ. 1931-32ರಲ್ಲಿ ಅಮೆರಿಕದ ಕಾರ್ಖಾನೆಗಳನ್ನು ಸುತ್ತಿದ ರೊನಾಲ್ಡ್ ಕೋಸ್ ಅವರನ್ನು ಕಾಡಿದ್ದು ಸರಳ ಪ್ರಶ್ನೆ: ಎಲ್ಲವೂ ಮಾರುಕಟ್ಟೆಯಲ್ಲೇ ಸಿಗುವುದಾದರೆ ಕಂಪನಿಗಳಾದರೂ ಏಕೆ ಬೇಕು? ಬೆಲೆ ವಿಚಾರಿಸುವುದಕ್ಕೆ, ಚೌಕಾಸಿಗೆ, ಕರಾರಿಗೆ ತಗಲುವ ಖರ್ಚು ಒಳಗೇ ಮಾಡಿಸಿಕೊಳ್ಳುವ ಖರ್ಚನ್ನು ಮೀರಿದಾಗ ಕಂಪನಿ ಹುಟ್ಟುತ್ತದೆ ಎಂದು 1937ರಲ್ಲಿ ಅವರೇ ಉತ್ತರಿಸಿದರು. ಬಿಡಿಭಾಗವನ್ನು ಹೊರಗೆ ಕೊಳ್ಳಬೇಕೋ ತಾವೇ ತಯಾರಿಸಬೇಕೋ ಎಂದು ಯೋಚಿಸುವವರಿಗೆ ಇದಕ್ಕಿಂತ ಉಪಯುಕ್ತ ಚೌಕಟ್ಟು ಇನ್ನೂ ಬಂದಿಲ್ಲವೆಂದೇ ನನ್ನ ಎಣಿಕೆ.

ಎರಡು ವರ್ಷಗಳ ನಂತರ ಆಕ್ಸ್‌ಫರ್ಡಿನ ಹಾಲ್ ಮತ್ತು ಹಿಚ್ 38 ಉದ್ಯಮಿಗಳನ್ನು ಮಾತನಾಡಿಸಿದ ಫಲವನ್ನು ಪ್ರಕಟಿಸಿದರು. ಹೆಚ್ಚಿನವರು ಸಿದ್ಧಾಂತ ಹೇಳುವ ಸೀಮಾಂತ ವೆಚ್ಚದ (ಇನ್ನೊಂದು ವಸ್ತು ತಯಾರಿಸಲು ತಗಲುವ ಹೆಚ್ಚುವರಿ ಖರ್ಚಿನ) ಗೋಜಿಗೇ ಹೋಗದೆ, ಅಸಲಿನ ಮೇಲೆ ಇಷ್ಟು ಲಾಭವೆಂದು ಸೇರಿಸಿ ಬೆಲೆ ಕಟ್ಟುತ್ತಿದ್ದರು. ಇಂಥ ವಿಚಾರಣೆಗಳಿಗೆ ಬಲವಾದ ಆಕ್ಷೇಪ ಎದ್ದಿತು. ವ್ಯಾಪಾರಿಗೆ ಸಿದ್ಧಾಂತದ ಪರಿಭಾಷೆ ತಿಳಿಯದಿದ್ದರೂ ಅವನ ನಡೆ ಅದಕ್ಕೆ ಹೊಂದಬಹುದು ಎಂದು ಮ್ಯಾಕ್‌ಲಪ್ 1946ರಲ್ಲಿ ಬರೆದರೆ, ಊಹೆಗಳು ವಾಸ್ತವವೇ ಎಂದು ಕೇಳಬೇಡಿ, ಭವಿಷ್ಯ ನುಡಿಯುವುದು ಸರಿಯೇ ನೋಡಿ ಎಂದು ಫ್ರೀಡ್‌ಮನ್ 1953ರಲ್ಲಿ ವಾದಿಸಿದರು. ಇಡೀ ಮಾರುಕಟ್ಟೆಯ ಚಲನೆಯನ್ನು ಅಂದಾಜಿಸುವವರಿಗೆ ಈ ಮಾತು ಒಪ್ಪಬಹುದಾದದ್ದೇ. ನಾಳೆಯ ಬೆಲೆ ನಿಗದಿ ಮಾಡಬೇಕಾದ ಮ್ಯಾನೇಜರನಿಗೆ ಅದು ದಾರಿ ತೋರದು. ಅವನು ಏನು ಮಾಡಬೇಕೆಂಬುದೇ ಅಲ್ಲಿ ಪ್ರಶ್ನೆ. ಆ ಕೊರತೆಯನ್ನು ತುಂಬಲು ಫ್ರೀಡ್‌ಮನ್‌ಗೂ ಮೊದಲೇ ಹೊರಟಿದ್ದು ಜೋಯೆಲ್ ಡೀನ್ ಅವರ 1951ರ ಪಠ್ಯ.

ಲಾಭವೊಂದೇ ಗುರಿ ಎಂಬ ನಂಬಿಕೆಯೂ ಉಳಿಯಲಿಲ್ಲ. ಒಡೆತನ ಷೇರುದಾರರಲ್ಲಿ, ಹಿಡಿತ ಆಡಳಿತಗಾರರಲ್ಲಿ ಎಂಬುದನ್ನು ಬರ್ಲೆ ಮತ್ತು ಮೀನ್ಸ್ 1932ರಲ್ಲೇ ತೋರಿಸಿದ್ದರು. ಬೌಮೋಲ್ ಮಾರಾಟದ ಮೊತ್ತವನ್ನು ಗುರಿಯಾಗಿ ಕಂಡರೆ, ಸೈಮನ್ ಸಾಕೆನಿಸುವಷ್ಟಕ್ಕೆ ನಿಲ್ಲುವ ಮನುಷ್ಯನನ್ನು ಕಂಡರು.

ಪೈಪೋಟಿಯೇ ದಡ್ಡ ಆಡಳಿತವನ್ನು ಅಳಿಸಿಹಾಕುತ್ತದೆ, ಒಳಗಿಣುಕಿ ಏನು ಪ್ರಯೋಜನ ಎಂಬ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಾಸ್ತಾನಿನ ಲೆಕ್ಕ, ಗುಣಮಟ್ಟದ ದಾಖಲೆ, ಯಂತ್ರಗಳ ಆರೈಕೆಯಂಥ ಸಾಧಾರಣ ಶಿಸ್ತಿನಿಂದ ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತ್ತು. ಕೆಟ್ಟ ಆಡಳಿತದ ಗಿರಣಿಗಳು ಮುಚ್ಚಿರಲಿಲ್ಲ. ಚೆನ್ನಾಗಿದ್ದವು ಬೆಳೆಯಲೂ ಇಲ್ಲ, ಏಕೆಂದರೆ ಹೊರಗಿನವರಿಗೆ ಹೊಣೆ ಒಪ್ಪಿಸಲು ಮಾಲೀಕರು ಹಿಂಜರಿಯುತ್ತಿದ್ದರು. ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದರ ಮೇಲೆಯೇ ಗಿರಣಿಯ ಗಾತ್ರ ನಿಂತಿತ್ತು. ವರ್ಷಗಳ ನಂತರ ಅದೇ ಸಂಶೋಧಕರು ಮರಳಿ ನೋಡಿದಾಗ ಅಳವಡಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ಮುಖ್ಯ ಕಾರಣಗಳು ಎರಡು: ಮ್ಯಾನೇಜರುಗಳು ಬದಲಾಗಿದ್ದರು, ಮಾಲೀಕರಿಗೆ ಅತ್ತ ನೋಡಲು ಪುರುಸೊತ್ತಿರಲಿಲ್ಲ.