ಒಂದೇ ಕಟ್ಟಡ, ಮೂರು ಬೋರ್ಡು

ಡೊಂಬಿವಲಿ, ಕಲ್ಯಾಣದ ಕನ್ನಡಿಗರು ಅಂದರೆ ಊರಿನವರಿಗೆ ಇವತ್ತಿಗೂ ಹೋಟೆಲು, ಬ್ಯಾಂಕುಗಳೇ ನೆನಪಿಗೆ ಬರುತ್ತವೆ. ಆದರೆ ಹೋಟೆಲಿನವರ ಮಕ್ಕಳು ಬೆಳಗಾದರೆ ಲೋಕಲ್ ಹಿಡಿದು, ಥಾಣೆಯಲ್ಲಿ ಇಳಿದು, ವಾಶಿ ಕಡೆಯ ಗಾಡಿ ಹತ್ತಿ ಹೋಗೋದು ಐರೋಲಿ, ಮಹಾಪೆಗೆ. ಆ ಗಾಡಿ ಶುರುವಾದದ್ದೇ 2004ರಲ್ಲಿ. ಥಾಣೆ-ಬೇಲಾಪುರ ರಸ್ತೆಯಲ್ಲಿ ರಾಸಾಯನಿಕ ಕಾರ್ಖಾನೆಗಳಿದ್ದ ಪಟ್ಟಿಯೊಳಗೆ ಸಾಫ್ಟ್‌ವೇರ್ ಬಂದು ಕೂತ ಕಾಲ ಅದು.

ಅದಕ್ಕೂ ಮೊದಲೇ ಸಾಫ್ಟ್‌ವೇರು ನಮ್ಮ ಮನೆಗಳಿಗೆ ಬಂದಿತ್ತು, ಶೇರಿನ ರೂಪದಲ್ಲಿ. 1999-2000ರಲ್ಲಿ ಕೇತನ್ ಪಾರೇಖ್ ಕೈಯಾಡಿಸಿದ ಶೇರುಗಳಿಗೆ ಪೇಟೆಯಲ್ಲಿ ‘ಕೆ-10’ ಎಂದೇ ಹೆಸರು. ಸಿಲ್ವರ್‌ಲೈನ್, ಪೆಂಟಾಮೀಡಿಯಾ, ಮಹಾಪೆಯ ಗ್ಲೋಬಲ್ ಟೆಲಿಸಿಸ್ಟಮ್ಸ್ ಎಲ್ಲ ಆ ಪಟ್ಟಿಯಲ್ಲಿದ್ದವು. ಕಂಪನಿ ಏನು ಮಾಡುತ್ತದೆಂದು ಗೊತ್ತಿಲ್ಲದವರಿಗೂ ಅದರ ರೇಟು ಬಾಯಿಪಾಠ! ‘ಬದ್ಲಾ’ ಪದ್ಧತಿಯಲ್ಲಿ ಪೂರ್ತಿ ಹಣ ಕೊಡದೆಯೇ, ಬಡ್ಡಿ ಕಟ್ಟಿ ವ್ಯವಹಾರವನ್ನು ಮುಂದಕ್ಕೆ ತಳ್ಳಬಹುದಿತ್ತು. 2000ದ ಮಾರ್ಚ್‌ನಲ್ಲಿ ಅಮೆರಿಕದ ನಾಸ್ಡಾಕ್ ಶಿಖರ ಮುಟ್ಟಿ ಉರುಳತೊಡಗಿತು. ಮರುವರ್ಷ ಮಾರ್ಚ್‌ನಲ್ಲಿ ಪಾರೇಖ್ ಬಂಧನ, ಜುಲೈಯಲ್ಲಿ ಬದ್ಲಾ ಬಂದ್. ಕೈಸುಟ್ಟುಕೊಂಡವರು ಅದರ ಮಾತೇ ಎತ್ತಲಿಲ್ಲ.

ಐರೋಲಿಯ ದೊಡ್ಡ ಹೆಸರು ಪಟ್ನಿ ಕಂಪ್ಯೂಟರ್ಸ್. 1978ರಲ್ಲಿ ನರೇಂದ್ರ ಪಟ್ನಿ ಕಟ್ಟಿದ ಸಂಸ್ಥೆ. ನಮ್ಮ ನಾರಾಯಣ ಮೂರ್ತಿಯವರೂ ಅಲ್ಲಿನ ಆರು ಸಹೋದ್ಯೋಗಿಗಳೂ ಹೊರಬಂದು 1981ರಲ್ಲಿ ಇನ್ಫೋಸಿಸ್ ಶುರು ಮಾಡಿದರು. ಪಟ್ನಿಯ ಶೇರು ಪೇಟೆಗೆ ಬಂದದ್ದು 2004ರಲ್ಲಿ, 230 ರೂಪಾಯಿಗೆ. ಮುಂದೆ ಅಣ್ಣತಮ್ಮಂದಿರು ಪಾಲು ಮಾರುತ್ತಾರೆಂಬ ಸುದ್ದಿ ವರ್ಷಗಟ್ಟಲೆ ಓಡಾಡಿತು. ಕಡೆಗೆ 2011ರ ಜನವರಿಯಲ್ಲಿ ಕೊಂಡದ್ದು ಐಗೇಟ್. ಅದರ ಮುಖ್ಯಸ್ಥರು ಇನ್ಫೋಸಿಸ್‌ನಲ್ಲೇ ಹೆಸರು ಮಾಡಿದ್ದ ಫಣೀಶ್ ಮೂರ್ತಿ! ಸಿಬ್ಬಂದಿಯ ಲೆಕ್ಕದಲ್ಲಿ ಪಟ್ನಿಯೇ ಸುಮಾರು ಎರಡು ಪಟ್ಟು ದೊಡ್ಡದು. ಸಣ್ಣ ಮೀನು ದೊಡ್ಡದನ್ನು ನುಂಗಿದ್ದು ಸಾಲದ ಬಲದಿಂದ. 77 ಕೋಟಿ ಡಾಲರ್ ಬಾಂಡು, ಶೇಕಡಾ 9ರ ಬಡ್ಡಿ.

ಶೇರುದಾರನಿಗೆ ಇದರಲ್ಲಿ ಕಾನೂನಿನ ಆಸರೆ ಇತ್ತು. ಹತೋಟಿ ಕೊಳ್ಳುವವನು ಸಣ್ಣವರಿಗೂ ಓಪನ್ ಆಫರ್ ಕೊಡಬೇಕು. ಹಾಗೆ 503 ರೂಪಾಯಿ 50 ಪೈಸೆ ಸಿಕ್ಕಿತು. 2012ರಲ್ಲಿ ಶೇರನ್ನು ಪೇಟೆಯಿಂದ ತೆಗೆಯುವಾಗ 520.

ಕೆಲಸಗಾರನಿಗೆ ಓಪನ್ ಆಫರ್ ಎಲ್ಲಿದೆ? ಕಂಪನಿ ಯಾವುದೇ ಇರಲಿ, ಎರಡು ಒಂದಾದಾಗ ಲೆಕ್ಕಪತ್ರಕ್ಕೆ ಇಬ್ಬರು, ನೇಮಕಾತಿಗೆ ಇಬ್ಬರು, ಒಬ್ಬ ಗಿರಾಕಿಗೆ ಇಬ್ಬರು ಮ್ಯಾನೇಜರರು. ಸಾಲದ ಕಂತು ಬೇರೆ. ಮೊದಲು ಹೊರಡುವವರು ಹೊರಗೆ ಬೆಲೆ ಇರುವ ಹಿರಿಯರು. ಅವರನ್ನು ನಂಬಿದ್ದ ತಂಡ ಹಿಂದೆಯೇ ಚದುರುತ್ತದೆ. ಬೆಂಗಳೂರಿಗೋ ಪುಣೆಗೋ ಹೋಗಬಲ್ಲವರು ಹೋದರು. ಡೊಂಬಿವಲಿಯಲ್ಲಿ ಫ್ಲ್ಯಾಟಿನ ಕಂತು, ವಯಸ್ಸಾದ ಅಪ್ಪ ಅಮ್ಮ ಇದ್ದವರು ಹೊಸ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಅದೇ ಗಾಡಿ ಹತ್ತಿದರು.

ಮೇಲಿನವರಿಗೂ ಕುರ್ಚಿ ಗಟ್ಟಿಯಿರಲಿಲ್ಲ. ಪಟ್ನಿಯ ಮುಖ್ಯಸ್ಥ ಜೇಯಾ ಕುಮಾರ್ ಮಾರಾಟದೊಂದಿಗೆ ಹೋದರು. 2013ರ ಮೇನಲ್ಲಿ ಫಣೀಶರನ್ನೂ ಐಗೇಟ್ ಹುದ್ದೆಯಿಂದ ತೆಗೆಯಿತು. 2015ರಲ್ಲಿ ಫ್ರಾನ್ಸಿನ ಕ್ಯಾಪ್‌ಜೆಮಿನಿ ಸುಮಾರು 400 ಕೋಟಿ ಡಾಲರಿಗೆ ಐಗೇಟನ್ನೇ ಕೊಂಡಿತು. ಐರೋಲಿಯಲ್ಲಿ ಮೂರನೆಯ ಬೋರ್ಡು.

1982ರ ಮುಷ್ಕರದ ನಂತರ ಮುಂಬಯಿಯ ಮಿಲ್ಲುಗಳು ಮುಚ್ಚಿದಾಗ ಚಿಮಣಿಯ ಹೊಗೆ ನಿಂತದ್ದು ಊರಿಗೆಲ್ಲ ಕಾಣಿಸಿತ್ತು. ಇಲ್ಲಿ ದೀಪ ಆರುವುದಿಲ್ಲ, ಗೇಟೂ ಮುಚ್ಚುವುದಿಲ್ಲ. ಅದಕ್ಕೇ ಮಗ ಮೂರನೇ ಕಂಪನಿಯ ಹೆಸರು ಹೇಳಿದಾಗ ಊರಿನ ಅಜ್ಜಿ, “ಯಾಕೆ ಮಗಾ, ಒಂದು ಕಡೆ ನಿಲ್ಲೋದೇ ಇಲ್ವಾ?” ಅಂತ ಕೇಳುತ್ತಾಳೆ. ಅವನು ಕೂತ ಕುರ್ಚಿ ಬಿಟ್ಟು ಎದ್ದೇ ಇರುವುದಿಲ್ಲ.